ಪಾವ್ಲಪ್ಪನ ಕೈಗೆ ಬಂದ ಹಲಗಿ

ಕಟಕೋಳದಿಂದ ರಾಮದುರ್ಗದ ರಸ್ತೆ ಬಿಟ್ಟು ಎಡಕ್ಕೆ ಮೂರು ಮೈಲು ನಡೆದರೆ ಕರೆಮಡ್ಡಿ ಸಿಗುತ್ತದೆ. ೧೯೭೦ರ ಜೂನಿನಲ್ಲಿ ನಾನು ಅಲ್ಲಿಯ ಪ್ರಾಥಮಿಕ ಶಾಲೆಗೆ ಮಾಸ್ತರನಾಗಿ ಹೋದೆ. ಸಂಪಗಾಂವದ ವೈದಿಕರ ಮನೆಯ ಹುಡುಗ ನಾನು; ಗೌಡರ ವಾಡೆಯ ಹಿಂದಿನ ಒಂದು ಕೋಣೆಯಲ್ಲಿ ನನ್ನ ಬಿಡಾರ. ಊರಿನ ಮೂಡಲ ತುದಿಯಲ್ಲಿ, ಹಳ್ಳದ ಆಚೆ, ಇಪ್ಪತ್ತೆರಡು ಕ್ರಿಸ್ತಿ ಮನೆಗಳಿದ್ದವು. ಅವುಗಳ ನಡುವೆ ಕರಿಕಲ್ಲಿನ ಗೋಡೆಯ, ತಗಡು ಹೊದಿಸಿದ ಒಂದು ಇಗರ್ಜಿ. ಊರವರು ಅದನ್ನೂ ಗುಡಿ ಎಂದೇ ಕರೆಯುತ್ತಿದ್ದರು. ಪಾವ್ಲಪ್ಪ ನನಗೆ ಪರಿಚಯವಾದದ್ದು ಮಾತ್ರ ಶಾಲೆಯ ಗೋಡೆಯ ದೆಸೆಯಿಂದ. ಮೊದಲ ಮಳೆಗೆ ಅದರ ಒಂದು ಮೂಲೆ ಕುಸಿಯಿತು. ಕಟ್ಟಲು ಬಂದವನು ಅವನು.

ಐವತ್ತು ದಾಟಿದ, ಎತ್ತರದ, ಕಡಿಮೆ ಮಾತಿನ ಮನುಷ್ಯ. ಕಲ್ಲು ಕೂಡಿಸುವಾಗ ಮಾತ್ರ ಬಾಯಲ್ಲಿ ಏನೋ ಮಣಮಣ ಅನ್ನುತ್ತಿದ್ದ. ಹತ್ತಿರ ನಿಂತು ಕೇಳಿದೆ. ಕನ್ನಡವಲ್ಲ, ಮರಾಠಿಯಲ್ಲ, ಉರ್ದುವೂ ಅಲ್ಲ.

"ಏನದು ಪಾವ್ಲಪ್ಪಾ?"

"ಪೂಜಿ ಉತ್ತರ್ರೀ ಮಾಸ್ತರ. ಲ್ಯಾಟಿನ್ ಅಂತಾರ. ಗುರುಗಳು ಒಂದು ಮಾತಂದ್ರ ನಾವು ಒಂದು ಮಾತು ಅನಬೇಕು. ಈ ಊರಾಗ ನನಗೊಬ್ಬಗ ಬರತೈತಿ."

"ಅದರ ಅರ್ಥ ಗೊತ್ತೈತೇನು?"

ಅವನು ಕರಣೆ ಕೆಳಗಿಟ್ಟು ಅಂಗಿಯ ಸಂದಿಯಿಂದ ಕಾಣುತ್ತಿದ್ದ ನನ್ನ ಜನಿವಾರದ ಕಡೆ ನೋಡಿದ. "ನೀವು ಮುಂಜಾನೆದ್ದು ಹಳ್ಳದ ದಂಡೀಗೆ ನಿಂತು ಅಂತೀರಲ್ರಿ, ಅದರ ಅರ್ಥ ನಿಮಗ ಪೂರಾ ಗೊತ್ತೈತೇನ್ರಿ?"

ನನಗೆ ನಗು ಬಂತು, ಅವನೂ ನಕ್ಕ. ಅಂದಿನಿಂದ ನಾವಿಬ್ಬರೂ ಮಾತಾಡುವವರಾದೆವು.

ಅವನ ಹಿಂದಿನ ಕತೆ ನನಗೆ ತಿಳಿದದ್ದು ಸ್ವಲ್ಪ ಸ್ವಲ್ಪವಾಗಿ. ಕೆಲವನ್ನು ಅವನೇ ಹೇಳಿದ, ಹೆಚ್ಚಿನದನ್ನು ಅವನ ಹೆಂಡತಿ ರಾಚವ್ವ ಹೇಳಿದಳು. ಹುಟ್ಟಿದಾಗ ಇಟ್ಟ ಹೆಸರು ಭರಮಪ್ಪ. ಮನೆತನದ ಕಸುಬು ಹಲಗಿ ಬಾರಿಸುವುದು. ಊರಲ್ಲಿ ಹೆಣ ಬಿದ್ದರೆ ಹಲಗಿ, ಹಬ್ಬ ಬಂದರೆ ಹಲಗಿ, ಸಂಸ್ಥಾನದ ಕಾಲದಲ್ಲಿ ಸರಕಾರದ ಹುಕುಮು ಸಾರುವುದಿದ್ದರೂ ಇವರ ಹಲಗಿಯೇ. ಅದಕ್ಕೆ ಪ್ರತಿಯಾಗಿ ಉಳಿದ ಅಡಿಗೆ, ಸುಗ್ಗಿಯಲ್ಲಿ ಒಂದು ಮೊರ ಜೋಳ, ಸತ್ತ ದನದ ಚರ್ಮ. ಹದಿನಾರನೆಯ ವಯಸ್ಸಿಗೇ ಭರಮಪ್ಪನ ಕೈ ಸುತ್ತಲಿನ ಹತ್ತು ಹಳ್ಳಿಗಳಿಗೆ ಗೊತ್ತಿತ್ತು.

೧೯೩೭ರಲ್ಲಿ, ಅವನಿಗೆ ಹದಿನೆಂಟು ತುಂಬಿದಾಗ, ಕೇರಿಗೆ ಕೇರಿಯೇ ಕ್ರಿಸ್ತಿಯಾಯಿತು. ಗೋವೆಯಿಂದ ಬಂದ ಪಾದ್ರಿಯೊಬ್ಬರು ಮೂರು ಮಾತು ಕೇಳಿದ್ದರು: ಸತ್ತ ದನ ತಿನ್ನಬಾರದು, ಸೆರೆ ಕುಡಿಯಬಾರದು, ಹಲಗಿ ಮುಟ್ಟಬಾರದು. ಎಲ್ಲರ ಎದುರಿಗೆ ಭರಮಪ್ಪ ತನ್ನ ಹಲಗಿಯ ಚರ್ಮವನ್ನು ತಾನೇ ಕೊಯ್ದು, ಅದರ ಕಟ್ಟಿಗೆಯ ಬಳೆಯನ್ನು ಬೆಂಕಿಗೆ ಹಾಕಿದ. ಮರುದಿನ ಜ್ಞಾನಸ್ನಾನದ ನೀರು ಹಾಕಿಸಿಕೊಂಡು ಪಾವ್ಲಪ್ಪನಾದ. ಹುಡುಗನ ಕಿವಿ ಸೂಕ್ಷ್ಮವೆಂದು ಕಂಡ ಆ ಪಾದ್ರಿ ಅವನಿಗೆ ಪೂಜೆಯ ಉತ್ತರಗಳನ್ನು ಬಾಯಿಪಾಠ ಮಾಡಿಸಿದರು. ಒಂದಕ್ಷರ ಓದಲು ಬರೆಯಲು ಬಾರದವನು ಎರಡು ತಿಂಗಳಲ್ಲಿ ಅಷ್ಟನ್ನೂ ಕಲಿತ.

ಆಮೇಲೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅವನ ಜಾಗ ಪೀಠದ ಬಲಕ್ಕೆ, ಗುರುಗಳಿಂದ ನಾಲ್ಕು ಅಡಿ ದೂರದಲ್ಲಿ. ಉಳಿದ ಜನ ಹಿಂದೆ ಚಾಪೆಯ ಮೇಲೆ ಸುಮ್ಮನೆ ಮೊಣಕಾಲೂರಿ ಜಪಮಣಿ ಎಣಿಸುತ್ತಿದ್ದರು. ಗುರುಗಳಿಗೆ ಎದುರು ಮಾತಾಡುವವನು ಇವನೊಬ್ಬನೇ. ಊರೊಳಗೆ ಅವನು ಇನ್ನೂ ಭರಮ್ಯಾ. ಗೌಡರ ಕಟ್ಟೆಯ ಮುಂದೆ ಕಾಲ್ಮರಿ ಕಳಚಿ ಕೈಯಲ್ಲಿ ಹಿಡಿದು ದಾಟುತ್ತಿದ್ದ. ಅವರ ಹೊಲದಲ್ಲಿ ಒಡ್ಡು ಕಟ್ಟುತ್ತಿದ್ದ, ಕರೆದಾಗಲೆಲ್ಲ ಹೋಗುತ್ತಿದ್ದ. ಆದರೆ ಆದಿತ್ಯವಾರ ಮುಂಜಾನೆ ಒಂದು ತಾಸು ಅವನು ಆಡುತ್ತಿದ್ದ ಮಾತು ಗೌಡರಿಗೂ ಬಾರದು, ಕುಲಕರ್ಣಿಗೂ ಬಾರದು. ಇದನ್ನು ಅವನು ಜಂಬದಿಂದ ಹೇಳಿಕೊಂಡವನಲ್ಲ. ಒಮ್ಮೆ ಮಾತ್ರ, "ಆ ವ್ಯಾಳೇಕ್ಕ ನನ್ನ ಬೆನ್ನು ತಾನ ನೆಟ್ಟಗ ಆಕ್ಕೈತ್ರಿ ಮಾಸ್ತರ," ಅಂದಿದ್ದ.

ಬೇರೆ ಕಡೆ ಪೂಜೆ ಆಗಲೇ ಕನ್ನಡಕ್ಕೆ ಬಂದಿತ್ತಂತೆ. ಆಗ ಮುದುಕರಾಗಿದ್ದ ಅದೇ ಪಾದ್ರಿ ಮಾತ್ರ ತಮಗೆ ಇನ್ನು ಹೊಸದು ಕಲಿಯಲಾಗದು ಎಂದು ಕರೆಮಡ್ಡಿಯಲ್ಲಿ ಹಳೆಯದನ್ನೇ ನಡೆಸಿಕೊಂಡು ಬಂದಿದ್ದರು. ೧೯೭೧ರಲ್ಲಿ ಅವರು ತೀರಿಕೊಂಡರು. ಅವರ ಜಾಗಕ್ಕೆ ಕರಾವಳಿಯ ಕಡೆಯಿಂದ ಫಾದರ್ ಲಿಗೋರಿ ಬಂದರು. ಮೂವತ್ತೆರಡರ ಪ್ರಾಯ, ದಪ್ಪ ಗಾಜಿನ ಚಾಳೀಸು, ರಾಮದುರ್ಗದಿಂದ ಮೋಟರ್ ಸೈಕಲ್ ಮೇಲೆ ಬರುತ್ತಿದ್ದರು. ನಮ್ಮ ಕಡೆಯ ಮಾತು ಅವರಿಗೆ ಪೂರ್ತಿ ತಿಳಿಯುತ್ತಿರಲಿಲ್ಲ, ಅವರ ಪುಸ್ತಕದ ಕನ್ನಡ ನಮ್ಮವರಿಗೆ. ಆದರೆ ಮನುಷ್ಯ ಒಳ್ಳೆಯವರು. ಕೇರಿಯಲ್ಲಿ ಯಾರನ್ನೂ ಏಕವಚನದಲ್ಲಿ ಕರೆಯಲಿಲ್ಲ.

ಅವರು ಬಂದ ತಿಂಗಳಲ್ಲೇ ಪೀಠವನ್ನು ಗೋಡೆಯಿಂದ ಮುಂದಕ್ಕೆ ತಂದು, ಜನರ ಕಡೆ ಮುಖ ಮಾಡಿ ನಿಂತು, ಕನ್ನಡದಲ್ಲಿ ಪೂಜೆ ಶುರುಮಾಡಿದರು. "ಇದು ನನ್ನೊಬ್ಬನ ಪೂಜೆಯಲ್ಲ, ನಿಮ್ಮೆಲ್ಲರದು. ಎಲ್ಲರೂ ಬಾಯಿಬಿಟ್ಟು ಉತ್ತರ ಹೇಳಬೇಕು, ಎಲ್ಲರೂ ಹಾಡಬೇಕು," ಅಂದರು. ಪೂಜೆಯ ನಡುವೆ ಯಾರು ಬೇಕಾದರೂ ಎದ್ದುನಿಂತು ತಮ್ಮದೇ ಮಾತಿನಲ್ಲಿ ಬಿನ್ನಹ ಮಾಡಿಕೊಳ್ಳಬಹುದು ಎಂದೂ ಹೇಳಿದರು. ಯಾರೂ ಎದ್ದು ನಿಲ್ಲಲಿಲ್ಲ. ಉಪದೇಶಿ ದಾನಿಯೇಲಪ್ಪ, ಅಂದರೆ ಪಾದ್ರಿ ಇಲ್ಲದ ದಿನ ಜನರಿಗೆ ಜಪ ಹೇಳಿಸುತ್ತಿದ್ದ ಕೇರಿಯ ಹಿರಿಯ, ಪ್ರತಿ ವಾರ ನಾಲ್ಕು ಬಿನ್ನಹ ಬರೆದು ತಂದು ಓದುತ್ತಿದ್ದ. ಜನ ಪ್ರತಿಯೊಂದಕ್ಕೂ, "ಕರ್ತನೇ, ನಮ್ಮ ಮೊರೆಯನ್ನು ಕೇಳು," ಅನ್ನುತ್ತಿದ್ದರು.

ಆರು ತಿಂಗಳಲ್ಲಿ ಹೆಂಗಸರು ಮಕ್ಕಳಾದಿಯಾಗಿ ಎಲ್ಲರಿಗೂ ಉತ್ತರಗಳು ಬಂದವು. ತೊಂದರೆಯಾದದ್ದು ಪಾವ್ಲಪ್ಪನಿಗೆ. ಗುರುಗಳು ಕನ್ನಡದಲ್ಲಿ ಅಂದ ಕೂಡಲೇ ಅವನ ನಾಲಗೆ ಹಳೆಯ ದಾರಿ ಹಿಡಿಯುತ್ತಿತ್ತು. ಅದನ್ನು ನುಂಗಿ ಹೊಸದನ್ನು ತರುವಷ್ಟರಲ್ಲಿ ಉಳಿದವರು ಹೇಳಿ ಮುಗಿಸಿರುತ್ತಿದ್ದರು. ಒಂದು ವಾರ ಎಲ್ಲ ಸುಮ್ಮನಾದ ಮೇಲೆ ಅವನೊಬ್ಬನ "ದೇವೊ ಗ್ರಾಸಿಯಾಸ್" ಕೇಳಿಸಿತು. ಹುಡುಗಿಯರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ ಅವನು ಬರೀ ತುಟಿ ಅಲ್ಲಾಡಿಸತೊಡಗಿದ.

ಫಾದರ್ ಲಿಗೋರಿ ಇದನ್ನು ಗಮನಿಸಿದರು. ಅವನಿಗೊಂದು ಜಾಗ ಮಾಡಿಕೊಡಬೇಕೆಂದು ಅವರ ಮನಸ್ಸಿನಲ್ಲಿತ್ತು. ನಡೆದದ್ದೆಲ್ಲ ಹುಟ್ಟಿದ್ದು ಆ ಒಳ್ಳೆಯ ಮನಸ್ಸಿನಿಂದ.

೧೯೭೨ರ ದೀಪಾವಳಿಯ ಹೊತ್ತಿಗೆ ಅವರು ಬೆಂಗಳೂರಿನಲ್ಲಿ ಏನೋ ತರಬೇತಿ ಮುಗಿಸಿ ಬಂದರು. ಇನ್ನು ಮೇಲೆ ಆಯಾ ಊರಿನ ಹಾಡು, ಆಯಾ ಜನರ ವಾದ್ಯ ಪೂಜೆಯಲ್ಲಿ ಬರಬೇಕು ಅಂದರು. ಯಾರಿಗೆ ಏನು ಬಾರಿಸಲು ಬರುತ್ತದೆಂದು ಕೇಳಿದಾಗ ದಾನಿಯೇಲಪ್ಪ ಪಾವ್ಲಪ್ಪನ ಕಡೆ ಕೈತೋರಿಸಿದ.

ಮರುದಿನ ಅವರು ಪಾವ್ಲಪ್ಪನ ಮನೆಗೇ ಹೋದರು. ನೆಲದ ಮೇಲೆ ಕಂಬಳಿಯಲ್ಲಿ ಕುಳಿತು ರಾಚವ್ವ ಕೊಟ್ಟ ಚಹಾ ಕುಡಿದರು. ಅವರಿಗಿಂತ ಮುಂಚಿನ ಪಾದ್ರಿ ಯಾರ ಮನೆಯ ಒಳಗೂ ಕುಳಿತವರಲ್ಲ.

"ಪಾವ್ಲಪ್ಪನವರೇ, ಸಂತ ಜೋಸೆಫರ ಹಬ್ಬಕ್ಕೆ ಬಿಷಪ್ಪರು ಬರುತ್ತಾರೆ. ಕಾಣಿಕೆಯ ಮೆರವಣಿಗೆಗೆ ನೀವು ಹಲಗಿ ಬಾರಿಸಬೇಕು."

"ಅದನ್ನ ಬಿಟ್ಟ ಮ್ಯಾಲ ನಾ ಪಾವ್ಲಪ್ಪ ಆಗೇನ್ರಿ ಫಾದರ್."

"ಆಗಿನವರು ಬಿಡಿಸಿದ್ದು ತಪ್ಪು. ನಿಮ್ಮ ಹಿರಿಯರು ಕೊಟ್ಟದ್ದು ಅದು. ದೇವರು ನಿಮ್ಮ ಕೈಯಲ್ಲಿಟ್ಟದ್ದನ್ನು ದೇವರಿಗೆ ಕೊಡಲು ಹಿಂಜರಿಕೆ ಯಾಕೆ?"

ತನ್ನ ಕಂಬಳಿಯ ಮೇಲೆ ಕುಳಿತು ತನ್ನ ಲೋಟದಲ್ಲಿ ಕುಡಿದ ಗುರುವಿಗೆ ಇಲ್ಲ ಅನ್ನುವ ಮಾತು ಪಾವ್ಲಪ್ಪನಲ್ಲಿರಲಿಲ್ಲ. ಅವನು ಸುಮ್ಮನಿದ್ದುದನ್ನು ಅವರು ಒಪ್ಪಿಗೆ ಅಂದುಕೊಂಡರು. ಹೋದ ಮೇಲೆ ರಾಚವ್ವ ಲೋಟ ತೊಳೆಯುತ್ತ ಕೇಳಿದಳು:

"ಆಗೂದಿಲ್ಲ ಅನ್ನಾಕ ಬಾಯಿ ಇರಲಿಲ್ಲೇನು?"

"ಮನೀತನ ಬಂದಾರ. ಹೆಂಗ ಅನ್ನೂದು?"

"ನಮ್ಮಪ್ಪ ಹೆಣದ ಮುಂದ ಬಾರಿಸಿ ತಂದ ಕೂಳು ತಿಂದು ಬೆಳದಾಕಿ ನಾನು. ಆ ಕೂಳಿನ ವಾಸನಿ ಇನ್ನೂ ಮೂಗಿನ್ಯಾಗ ಐತಿ. ನಾಳೆ ಹೋಗಿ ಆಗೂದಿಲ್ಲ ಅಂತ ಹೇಳಿ ಬರ್ರಿ."

ಅವನು ಹೋಗಲಿಲ್ಲ. ಎಂಟು ದಿನದಲ್ಲಿ ಫಾದರ್ ಹೊಸ ಹಲಗಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮೋಟರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದರು.

ಆ ಚಳಿಗಾಲದಲ್ಲಿ ಒಂದು ಸಂಜೆ ಶಾಲೆಯ ಹಿಂದಿನ ಬಯಲಲ್ಲಿ ಅವನನ್ನು ಕಂಡೆ. ಜೋಳದ ಕಡ್ಡಿಗಳ ಉರಿ ಮಾಡಿ ಹಲಗಿಯನ್ನು ಕಾಸುತ್ತಿದ್ದ. ಚರ್ಮ ಬಿಸಿಯಾಗಿ ಬಿಗಿದ ಮೇಲೆ ಎಡಹೆಗಲಿಗೆ ಪಟ್ಟಿ ಹಾಕಿ, ಎಡಗೈಯಲ್ಲಿ ಉದ್ದನೆಯ ತೆಳು ಕಡ್ಡಿ, ಬಲಗೈಯಲ್ಲಿ ಗಿಡ್ಡ ದಪ್ಪ ಕಡ್ಡಿ ಹಿಡಿದ. ಮೂವತ್ತೈದು ವರ್ಷ ಮುಟ್ಟದ ಕೈ ಅದು. ಮೊದಲು ಎರಡು ಪೆಟ್ಟು ತಪ್ಪಿದವು. ಮೂರನೆಯದು ಬಿದ್ದ ಕೂಡಲೇ ಅವನ ಭುಜ, ಕುತ್ತಿಗೆ, ಕಾಲು ಎಲ್ಲ ಒಂದಾಗಿ ಎದ್ದವು. ನಾನು ನಿಂತಲ್ಲೇ ನಿಂತೆ. ಅಂಥ ಬಾರಿಸುವಿಕೆಯನ್ನು ನಾನು ಮತ್ತೆ ಕೇಳಿಲ್ಲ.

ನಿಲ್ಲಿಸಿದಾಗ ಅವನು ಉಬ್ಬಸ ಪಡುತ್ತಿದ್ದ. ಕಣ್ಣು ಒದ್ದೆಯಾಗಿತ್ತು.

"ಇನ್ನೂ ಬರತೈತಲ್ಲ ಪಾವ್ಲಪ್ಪಾ," ಅಂದೆ.

"ಅದ ಕೇಡು ನೋಡ್ರಿ. ಮರತಿದ್ರ ಚೊಲೋ ಇತ್ತು. ಕೈಗೆ ನಾಚಿಕಿ ಇಲ್ರಿ, ಖುಷಿ ಆಗಾಕ ಹತ್ತೈತಿ."

ಹಬ್ಬಕ್ಕೆ ಯಾವ ಬಡಿತ ಎಂದು ಆರಿಸಲು ಫಾದರ್ ಅವನಿಂದ ಎಲ್ಲವನ್ನೂ ಬಾರಿಸಿ ಕೇಳಿದರು. ಮದುವೆಯದು ಗದ್ದಲ ಅನ್ನಿಸಿತು, ಹೋಳಿಯದು ಕುಣಿತ ಅನ್ನಿಸಿತು. ಕೊನೆಗೆ ಪಾವ್ಲಪ್ಪ ನಿಧಾನದ, ಎರಡೆರಡು ಹೆಜ್ಜೆಗೆ ಒಂದು ಭಾರವಾದ ಪೆಟ್ಟು ಬೀಳುವ ಬಡಿತ ಬಾರಿಸಿದ. ಫಾದರ್ ಕಣ್ಣು ಮುಚ್ಚಿ ಕೇಳಿದರು. "ಇದೇ. ಎಷ್ಟು ಗಂಭೀರವಾಗಿದೆ. ಇದನ್ನೇ ಬಾರಿಸಿ."

"ಅದು ಹೆಣದ ಬಡಿತ್ರಿ ಫಾದರ್. ಹೆಣಾ ಎತ್ತಿದಾಗ ಬಾರಸೂದು."

ಫಾದರ್ ಅವರ ಮುಖ ಅರಳಿತು. "ಪೂಜೆಯಲ್ಲಿ ನಾವು ನೆನೆಯುವುದು ಕ್ರಿಸ್ತನ ಮರಣವನ್ನೇ ಅಲ್ವಾ? ಇದಕ್ಕಿಂತ ಸರಿಯಾದದ್ದು ಬೇರೆ ಯಾವುದು?"

ಇದನ್ನು ನನಗೆ ಹೇಳುವಾಗ ಪಾವ್ಲಪ್ಪ ಅಂದ: "ಅವರ ಮಾತು ಖರೇನ ಐತ್ರಿ. ಖರೇ ಮಾತಿಗೆ ನಾ ಏನ ಅನ್ಲಿ?"

೧೯೭೩ರ ಮಾರ್ಚ್ ಹತ್ತೊಂಬತ್ತರಂದು ಬಿಷಪ್ಪರು ಬಂದರು. ಕೇರಿಯಲ್ಲಿ ಮಾವಿನ ತೋರಣ ಕಟ್ಟಿದ್ದರು. ಗುಡಿಯ ಹೊರಗೆ ಬೇವಿನ ಮರಕ್ಕೆ ಮೈಕಿನ ಬಾಯಿ ಕಟ್ಟಿದ್ದರಿಂದ ಒಳಗಿನ ಮಾತೆಲ್ಲ ಊರಿಗೇ ಕೇಳುತ್ತಿತ್ತು. ನಾನೂ ಊರ ಜನರ ಜೊತೆ ಹಳ್ಳದ ದಂಡೆಯಲ್ಲಿ ನಿಂತಿದ್ದೆ. ಫಾದರ್ ಉಪದೇಶದಲ್ಲಿ, ಈ ಹಲಗಿ ನಿಮ್ಮ ಹಿರಿಯರು ಬಿಟ್ಟುಹೋದ ಆಸ್ತಿ, ಇದನ್ನು ನಾಚಿ ಮುಚ್ಚಿಡಬಾರದು, ಇದು ಎಲ್ಲರಿಗೂ ಕೇಳಬೇಕು ಅಂದರು. ಆಮೇಲೆ ಬಡಿತ ಶುರುವಾಯಿತು. ನನ್ನ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಗಾಬರಿಯಿಂದ, "ಯಾರು ಹೋದ್ರು?" ಎಂದು ಕೇಳಿದಳು.

ಹಲಗಿಯ ಸದ್ದು ಪೀಠದ ಹತ್ತಿರ ಬಹಳ ಜೋರಾಗುತ್ತದೆಂದು ಪಾವ್ಲಪ್ಪನನ್ನು ಬಾಗಿಲ ಬಳಿ ನಿಲ್ಲಿಸಿದ್ದರು. ಅಂದಿನಿಂದ ಅವನ ಜಾಗ ಅದೇ ಆಯಿತು. ಬಿಷಪ್ಪರು ಹೋಗುವಾಗ ಅವನ ಹೆಗಲು ತಟ್ಟಿ ಏನೋ ಮೆಚ್ಚಿ ಹೇಳಿದರಂತೆ. ಅದು ಯಾವ ಮಾತೆಂದು ಅವನಿಗೆ ನೆನಪಿರಲಿಲ್ಲ.

ಮೂರು ವಾರ ಕಳೆದಿರಬೇಕು. ಒಂದು ಆದಿತ್ಯವಾರ ಬೆಳಗಿನ ಜಾವ ಗೌಡರ ತಾಯಿ ಮುದಕವ್ವ ತೀರಿಕೊಂಡಳು. ತೊಂಬತ್ತು ದಾಟಿದ, ಮರಿಮಕ್ಕಳನ್ನು ಕಂಡ ಜೀವ. ಹೆಣವನ್ನು ಕೂಡಿಸುವ ವಿಮಾನ ಕಟ್ಟಿ ಮೆರವಣಿಗೆಯಲ್ಲಿ ಒಯ್ಯಬೇಕು, ಹಲಗಿಯಿಲ್ಲದೆ ಆಗದು. ಅವರ ಮನೆಗೆ ಬರುತ್ತಿದ್ದ ಪರವೂರಿನ ಹಲಗಿಯವರು ಮದುವೆಯ ಕೆಲಸಕ್ಕೆ ಬೈಲಹೊಂಗಲದ ಕಡೆ ಹೋಗಿದ್ದರು. ಗೌಡರ ತಮ್ಮ ಮಲಕಾಜಪ್ಪ ನನ್ನ ಕೋಣೆಯ ಬಾಗಿಲಿಗೆ ಬಂದ.

"ಕೃಷ್ಣಾಜಿ ಮಾಸ್ತರ, ಭರಮ್ಯಾ ನಿಮ್ಮ ಮಾತು ಕೇಳತಾನ. ನೀವೂ ಜೋಡೀಲೆ ಬರ್ರಿ."

ನಾನು ಹೋದೆ. ಯಾಕೆ ಹೋದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವರ ಕೋಣೆಯಲ್ಲಿದ್ದೆ, ಅವರ ಮನೆಯ ಹಾಲು ಕುಡಿಯುತ್ತಿದ್ದೆ. ಬರುವುದಿಲ್ಲ ಅನ್ನುವುದು ಹೊಳೆಯಲೇ ಇಲ್ಲ.

ಪೂಜೆ ಮುಗಿದು ಜನ ಇನ್ನೂ ಗುಡಿಯ ಮುಂದೆಯೇ ಇದ್ದರು. ಮಲಕಾಜಪ್ಪ ಹಳ್ಳ ದಾಟಿ ಹೋಗಿ ಬೇವಿನ ಮರದ ಕೆಳಗೆ ನಿಂತ. ಸಿಟ್ಟಿನ ಮನುಷ್ಯನಲ್ಲ. ಸಣ್ಣವರಿದ್ದಾಗ ಪಾವ್ಲಪ್ಪನ ಜೊತೆ ಹೊಳೆಯಲ್ಲಿ ಈಸಿದವನು.

"ಅವ್ವ ಹೋದ್ಳು ಭರಮ್ಯಾ. ಹಲಗಿ ತಗೊಂಡು ಬಾ."

"ನಾವು ಬಿಟ್ಟೇವ್ರಿ ಧಣಿ. ನಿಮಗ ಗೊತ್ತೈತಿ."

"ಬಿಟ್ಟಿದ್ದಿ, ಖರೆ. ನಾವೂ ಮೂವತ್ತು ವರ್ಷ ಕೇಳಲಿಲ್ಲ. ಈಗ ಮತ್ತ ಹಿಡದಿ. ನಿಮ್ಮ ಗುಡ್ಯಾಗ ಬಾರಿಸಿದ್ದು ನಮ್ಮವ್ವನ ಮುಂದ ಬಾರಸಾಕ ಬರೂದಿಲ್ಲೇನು? ಬಡಿತ ಅದ ಅಲ್ಲೇನು?"

ಫಾದರ್ ಲಿಗೋರಿ ಮುಂದೆ ಬಂದರು. "ಅವರನ್ನು ಒತ್ತಾಯ ಮಾಡಬಾರದು. ಅವರು ಬಾರಿಸಿದ್ದು ದೇವರಿಗೆ."

"ಒತ್ತಾಯ ಅಲ್ರಿ ಫಾದರ್," ಎಂದ ಮಲಕಾಜಪ್ಪ ತಣ್ಣಗೆ. "ಹಬ್ಬದ ದಿನ ಮೈಕಿನ್ಯಾಗ ನೀವ ಹೇಳಿದ್ರಿ. ಇದು ಇವರ ಹಿರ್ಯಾರ ಆಸ್ತಿ, ಮುಚ್ಚಿಡಬಾರದು, ಎಲ್ಲಾರಿಗೂ ಕೇಳಬೇಕು ಅಂತ. ನಾವು ಹಳ್ಳದ ದಂಡೀಗೆ ನಿಂತು ಕೇಳಿದಿವಿ. ಇವರ ಹಿರ್ಯಾರು ಅದನ್ನ ಬಾರಿಸಿದ್ದು ನಮ್ಮ ಹಿರ್ಯಾರ ಹೆಣದ ಮುಂದ ಅಲ್ಲೇನ್ರಿ?"

ಫಾದರ್ ಚಾಳೀಸು ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದರು.

ಮಲಕಾಜಪ್ಪ ಬೆದರಿಕೆಯ ಮಾತೊಂದನ್ನೂ ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ. ಹಳ್ಳ ಬತ್ತಿತ್ತು. ಕೇರಿಯ ಹೆಂಗಸರು ನೀರು ತರುತ್ತಿದ್ದದ್ದು ಗೌಡರ ಹೊಲದ ಬಾವಿಯಿಂದ. ಇಪ್ಪತ್ತೆರಡು ಮನೆಗಳಲ್ಲಿ ಹದಿನಾಲ್ಕು ಮನೆಯವರಿಗೆ ಅವರ ಹೊಲದ್ದೇ ಕೆಲಸ. ಮೊದಲು ಮಾತಾಡಿದವನು ಉಪದೇಶಿ ದಾನಿಯೇಲಪ್ಪ.

"ಒಂದ ಸಲಾ ಹೋಗಿ ಬಾ ಪಾವ್ಲಪ್ಪಾ. ದೇವರು ತಿಳಕೋತಾನ."

"ನೀನ ಅಂತೀಯೇನು?" ಎಂದ ಪಾವ್ಲಪ್ಪ. "ಹಲಗಿ ಮುಟ್ಟಿದಾವ ನರಕಕ್ಕ ಹೋಗತಾನ ಅಂತ ನನ್ನ ಮಕ್ಕಳಿಗೆ ಪಾಠಾ ಹೇಳಿದಾವ ನೀನು."

"ಹದಿನಾಲ್ಕು ಮನೀ ನೋಡು," ಅಂದಿತು ಇನ್ನೊಂದು ದನಿ. ಮತ್ತೊಬ್ಬರು ಬಾವಿಯ ಮಾತೆತ್ತಿದರು. ಅವನ ಜೊತೆ ಈಗಷ್ಟೇ ಒಂದೇ ಬಾಯಿಂದ ಪ್ರಾರ್ಥನೆ ಹೇಳಿ ಹೊರಗೆ ಬಂದ ಜನ. ಅವರಲ್ಲಿ ಒಬ್ಬರೂ ಬೇಡ ಅನ್ನಲಿಲ್ಲ. ರಾಚವ್ವ ಗುಡಿಯ ಮೆಟ್ಟಿಲ ಮೇಲೆ ನಿಂತು ಅವರೆಲ್ಲರ ಮುಖ ನೋಡುತ್ತಿದ್ದಳು.

ಪಾವ್ಲಪ್ಪ ಕೊನೆಗೆ ನನ್ನ ಕಡೆ ತಿರುಗಿದ. "ಮಾಸ್ತರ, ನೀವ ಹೇಳ್ರಿ. ಇಲ್ಲ ಅನ್ನೂದು ಹೆಂಗ್ರಿ?"

ನಾನು ನೆಲ ನೋಡುತ್ತ, "ಒಂದ ಸಲ ಅಲ್ಲೇನು," ಅಂದೆ.

ಅವನು ಹೋದ. ವಾಡೆಯಿಂದ ಹೊಲದವರೆಗೆ, ಬಿಸಿಲಿನಲ್ಲಿ, ವಿಮಾನದ ಮುಂದೆ ಬಾರಿಸುತ್ತ ನಡೆದ. ನಾನು ಹಿಂದಿನಿಂದ ನಡೆದೆ. ಕೈ ಕೆಟ್ಟಿಲ್ಲ ಎಂದು ಮುದುಕರು ಮಾತಾಡಿಕೊಂಡರು. ಮಣ್ಣು ಕೊಟ್ಟ ಮೇಲೆ ಯಾರೋ ಒಂದು ಮೊರ ಜೋಳ, ಅರ್ಧ ಹೋಳು ತೆಂಗಿನಕಾಯಿ ತಂದರು. ಅವನು ಟವಲು ಹಿಡಿಯಬೇಕು, ಇವರು ದೂರದಿಂದ ಸುರಿಯಬೇಕು. ಅವನು ಹಿಡಿದ, ಅವರು ಸುರಿದರು. ಬರುವಾಗ ಅದಷ್ಟನ್ನೂ ಹಳ್ಳದ ಉಸುಕಿನಲ್ಲಿ ಸುರಿದು, ಟವಲು ಝಾಡಿಸಿ, ಮನೆಗೆ ಹೋದ.

ಮುಂದಿನ ಆದಿತ್ಯವಾರ ನಾನು ಗುಡಿಯೊಳಗೆ ಇರಲಿಲ್ಲ. ರಾಚವ್ವ ಹೇಳಿದ್ದನ್ನು ಬರೆಯುತ್ತಿದ್ದೇನೆ. ದಾನಿಯೇಲಪ್ಪ ತನ್ನ ನಾಲ್ಕು ಬಿನ್ನಹ ಓದಿ ಕಾಗದ ಮಡಚುವಾಗ ಬಾಗಿಲ ಬಳಿಯಿಂದ ಪಾವ್ಲಪ್ಪ ಮಾತಾಡತೊಡಗಿದ. ಹೆಗಲಲ್ಲಿ ಹಲಗಿ ಇತ್ತು.

"ದೇವರ, ನಾ ಪಾವ್ಲಪ್ಪ. ಹಲಗಿ ಬಿಡು ಅಂದ್ರು, ನಿನ್ನ ಹೆಸರ ಹೇಳಿದ್ರು, ಬಿಟ್ಟೆ. ಹಿಡಿ ಅಂದ್ರು, ಅವರೂ ನಿನ್ನ ಹೆಸರ ಹೇಳಿದ್ರು, ಹಿಡದೆ. ಹೆಣದ ಮುಂದ ಬಾರಿಸಿ ಬಾ ಅಂದ್ರು, ಅವಾಗೂ ನಿನ್ನ ಹೆಸರ ಹೇಳಿದ್ರು. ನನಗ ಏನ ಬೇಕು ಅಂತ ಯಾರೂ ಕೇಳಿಲ್ಲ. ನೀ ಕೇಳತೀಯೋ ಇಲ್ಲೋ ನನಗ ಗೊತ್ತಿಲ್ಲ. ನನಗ ಇದು ಬ್ಯಾಡ. ಇಷ್ಟ."

ಇನ್ನು ಜನ ಉತ್ತರ ಹೇಳಬೇಕು. ಯಾರೂ ಹೇಳಲಿಲ್ಲ. ಫಾದರ್ ಪೀಠದ ಮೇಲೆ ಎರಡೂ ಕೈ ಊರಿ ನಿಂತಿದ್ದರು. ತಗಡಿನ ಮೇಲೆ ಕಾಗೆ ಓಡಾಡುವ ಸದ್ದು ಕೇಳಿಸುತ್ತಿತ್ತಂತೆ. ಆಗ ಹೆಂಗಸರ ಕಡೆಯಿಂದ ರಾಚವ್ವ ಒಬ್ಬಳೇ ಗಟ್ಟಿಯಾಗಿ, "ಕರ್ತಾ, ನಮ್ಮ ಮೊರಿ ಕೇಳು," ಅಂದಳು. ಅವಳ ನಂತರ ಉಳಿದವರೂ ಅಂದರೆಂದು ದಾನಿಯೇಲಪ್ಪ ನನಗೆ ಹೇಳಿದ. ಯಾರೂ ಅನ್ನಲಿಲ್ಲವೆಂದು ರಾಚವ್ವ ಹೇಳುತ್ತಾಳೆ.

ಪೂಜೆ ಮುಗಿದ ಮೇಲೆ ಫಾದರ್ ಅವನ ಮನೆಗೆ ಬಂದರು. ಈ ಸಲ ಕುಳಿತುಕೊಳ್ಳಲಿಲ್ಲ.

"ನನಗೆ ಗೊತ್ತಾಗಲಿಲ್ಲ ಪಾವ್ಲಪ್ಪನವರೇ."

"ಹೇಳಿದ್ದೆನ್ರಿ."

"ಹೌದು. ಹೇಳಿದ್ದಿರಿ."

ಹಲಗಿಯನ್ನು ಅವರು ಅದೇ ಬಿಳಿ ಬಟ್ಟೆಯಲ್ಲಿ ಸುತ್ತಿ ರಾಮದುರ್ಗಕ್ಕೆ ಒಯ್ದರು. ಪೀಠದ ಬಲಕ್ಕೆ ಮತ್ತೆ ಬಂದು ನಿಲ್ಲಿರೆಂದು ಕೇಳಿಕೊಂಡರು. ಪಾವ್ಲಪ್ಪ ಬಾಗಿಲ ಬಳಿಯಿಂದ ಕದಲಲಿಲ್ಲ. ಉತ್ತರವನ್ನೂ ಹೇಳಲಿಲ್ಲ, ತುಟಿಯನ್ನೂ ಅಲ್ಲಾಡಿಸಲಿಲ್ಲ.

ಗುಡಿಯ ಹಲಗಿ ಹೋಯಿತು, ಊರಿನದು ಹೋಗಲಿಲ್ಲ. ಎರಡು ತಿಂಗಳಿಗೆ ಗೌಡರ ಭಾವ ತೀರಿಕೊಂಡರು. ಬಾರಿಸಲು ಕರೆ ಬಂದಾಗ, ಗುಡಿಯ ಹಲಗಿ ಇಲ್ಲವೆಂದು ಪಾವ್ಲಪ್ಪ ಹೇಳಿ ಕಳಿಸಿದ. ಮಲಕಾಜಪ್ಪ ಆಗಲೇ ಒಂದನ್ನು ತರಿಸಿ ತಮ್ಮ ದನದ ಕೊಟ್ಟಿಗೆಯ ಗೂಟಕ್ಕೆ ಹಾಕಿದ್ದ. ಈ ಸಲ ತಾನು ಬರಲಿಲ್ಲ, ಆಳೊಬ್ಬನನ್ನು ಕಳಿಸಿದ. ಪಾವ್ಲಪ್ಪ ಹೋದ. ಆಮೇಲೆ ವಾಡೆಯ ಸಂಬಂಧಿಕರ ಮನೆಗಳಿಂದಲೂ ಕರೆ ಬಂತು. ಎರಡು ವರ್ಷದಲ್ಲಿ ಐದು ಸಲವೋ ಆರು ಸಲವೋ. ಕೇರಿಯಲ್ಲಿ ಯಾರೂ ಅವನನ್ನು ತಡೆಯಲಿಲ್ಲ. ಆದರೆ ಅವನು ಬಾರಿಸಿ ಬಂದ ವಾರ ಗುಡಿಯಲ್ಲಿ ಅವನ ಚಾಪೆಯ ಮೇಲೆ ಯಾರೂ ಕೂಡುತ್ತಿರಲಿಲ್ಲ.

ಅವನು ಬಹಳ ಸೋತಿದ್ದ. ಗೋಡೆ ಕಟ್ಟಲು ಕರೆದರೆ ಬರುತ್ತಿದ್ದ, ಹೇಳಿದಷ್ಟು ಮಾಡುತ್ತಿದ್ದ. ಒಂದು ದಿನ ಧೈರ್ಯ ಮಾಡಿ, "ನಾ ಅವತ್ತು ಹಂಗ ಅನಬಾರದಿತ್ತು," ಅಂದೆ. ಅವನು ಕಲ್ಲಿನ ಮುಖ ಸರಿಮಾಡುತ್ತ, "ನೀವು ಬ್ಯಾರೆ ಅಂದಿದ್ರ ಏನಾಗತಿತ್ರಿ?" ಎಂದ. ಸಮಾಧಾನಕ್ಕೆ ಹೇಳಿದನೋ, ಚುಚ್ಚಲು ಹೇಳಿದನೋ ನನಗೆ ತಿಳಿಯಲಿಲ್ಲ.

ದಾರಿ ತೆಗೆದವಳು ರಾಚವ್ವ. ೧೯೭೫ರಲ್ಲಿ ಸವದತ್ತಿಯ ಕಡೆ ಮಲಪ್ರಭೆಯ ಕಾಲುವೆಗೆ ಕಲ್ಲು ಕಟ್ಟುವವರು ಬೇಕಾಗಿದ್ದಾರೆಂದು ಅವಳಿಗೆ ತಿಳಿದುಬಂತು. ಸಂತೆಯಿಂದ ಬಂದವಳೇ ಹಾಸಿಗೆ ಸುತ್ತಿದಳು. "ನಾ ಹೋಗತೇನಿ. ನೀವು ಬರೂದಿದ್ರ ಬರ್ರಿ, ಇಲ್ಲಂದ್ರ ಯಾರ ಹೆಣಾ ಬೀಳತೈತಿ ಅಂತ ಕಾಯಕೋತ ಕುಂಡ್ರಿ." ಮಕ್ಕಳು ಮದುವೆಯಾಗಿ ಬೇರೆ ಊರಲ್ಲಿದ್ದರು. ಪಾವ್ಲಪ್ಪ ಕರಣೆ, ಸುತ್ತಿಗೆ, ಓಳಂಬ ಚೀಲಕ್ಕೆ ಹಾಕಿಕೊಂಡು ಅವಳ ಹಿಂದೆ ನಡೆದ. ಐವತ್ತಾರು ವರ್ಷ ಬದುಕಿದ ಊರು. ಗುಡಿಯ ಮುಂದೆ ಹಾದು ಹೋಗುವಾಗ ನಿಲ್ಲಲಿಲ್ಲವಂತೆ. ಅವರು ಹೋದರೆಂದು ಕೇರಿಯವರಿಗೆ ಸಿಟ್ಟು ಬಂತು. ಇನ್ನು ವಾಡೆಯವರು ಯಾರನ್ನು ಕರೆಯುತ್ತಾರೋ ಎಂಬ ಹೆದರಿಕೆ. ಅದೇ ವರ್ಷ ಫಾದರ್ ಲಿಗೋರಿಗೂ ಬೇರೆ ಕಡೆ ವರ್ಗವಾಯಿತು.

ನಾನು ಅವರನ್ನು ಮತ್ತೆ ನೋಡಿದ್ದು ೧೯೭೮ರಲ್ಲಿ, ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ. ಆಗ ನನಗೆ ಕಿತ್ತೂರಿನ ಕಡೆ ವರ್ಗವಾಗಿತ್ತು. ಪಾವ್ಲಪ್ಪನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಾಲುವೆಯ ಸಾಮಾನು ಕೋಣೆಗೆ ಅವನನ್ನು ಕಾವಲುಗಾರನನ್ನಾಗಿ ಇಟ್ಟಿದ್ದರು. ಅಲ್ಲಿ ಎಲ್ಲರೂ ಅವನನ್ನು ಕರೆಯುವುದು ಬರೀ ಮೇಸ್ತ್ರಿ ಎಂದು. ಭರಮ್ಯಾ ಎಂಬ ಹೆಸರು ಯಾರಿಗೂ ಗೊತ್ತಿಲ್ಲ.

"ಗುಡಿಗೆ ಹೋಗತೀಯೇನು?"

"ತಿಂಗಳಿಗೊಮ್ಮೆ ಪಾದ್ರಿ ಬರತಾರ್ರಿ, ಕಾಲುವಿ ಶೆಡ್ಡಿನ್ಯಾಗ ಪೂಜಿ ಮಾಡತಾರ. ಹಿಂದ ಕುಂತು ಬರತೇನಿ."

"ಉತ್ತರ ಹೇಳತೀಯೇನು?"

ಅವನು ತಲೆ ಅಲ್ಲಾಡಿಸಿದ. "ಎಲ್ಲಾರೂ ಹೇಳ್ರಿ, ಎಲ್ಲಾರೂ ಹಾಡ್ರಿ ಅಂತಾರ. ನನಗ ಬರೂದಿಲ್ಲ ಅಂದೇನಿ. ಬರತೈತಿ ಅಂತ ಗೊತ್ತಾದ್ರ ಮತ್ತ ಏನರೆ ಹಚ್ಚತಾರ್ರಿ."

"ನನಗಷ್ಟ ಕೇಳಸೂ ಹಂಗ ಬಾಯಾಗ ಉತ್ತರ ಅಂತಾರ್ರಿ ಮಾಸ್ತರ," ಎಂದಳು ರಾಚವ್ವ. "ಅಷ್ಟು ಸಾಕು ನನಗ."

ಅವನು ಕರೆಮಡ್ಡಿಯ ಸುದ್ದಿ ಕೇಳಿದ. ವಾಡೆಯವರು ಈಗ ರಾಮದುರ್ಗದಿಂದ ಬ್ಯಾಂಡಿನವರನ್ನು ಕರೆಸುತ್ತಾರೆ, ದಾನಿಯೇಲಪ್ಪನಿಗೆ ಕಣ್ಣು ಮಂಜಾಗಿದೆ ಎಂದು ನಾನು ಹೇಳಿದೆ. ಅವನು ಎಲ್ಲವನ್ನೂ ಕೇಳಿಸಿಕೊಂಡ. ಅವರ ಬಸ್ಸು ಬಂತು. ರಾಚವ್ವ ಸೆರಗಿನ ಗಂಟಿನಿಂದ ಒಂದು ಹಿಡಿ ಶೇಂಗಾ ತೆಗೆದು, ಕೊಡಲೋ ಬೇಡವೋ ಎಂದು ಒಂದು ಕ್ಷಣ ನನ್ನ ಮುಖ ನೋಡಿದಳು. ನಾನು ಕೈಯೊಡ್ಡಿದೆ. ಪಾವ್ಲಪ್ಪ ಅವಳನ್ನು ಮುಂದೆ ಹತ್ತಿಸಿ, ಚೀಲ ಹೆಗಲಿಗೇರಿಸಿಕೊಂಡು, ಹಿಂದಿನ ಸೀಟಿನ ಕಡೆ ನಡೆದ.